ಕುಂಟ ಕೋಳಿ ಓಣಿಯ ಹೊಸ್ತಿಲುಗಳು

ಬಾಡಿಗೆ ಮನೆ

ಬೆಟಗೇರಿಯಲ್ಲಿ ನನ್ನನ್ನು ಎಬ್ಬಿಸುವುದು ಗಡಿಯಾರವಲ್ಲ, ಪಕ್ಕದ ಮನೆಯ ಗಿರಿಜಕ್ಕನ ಬಟ್ಟೆ ಒಗೆಯುವ ಕಲ್ಲು. ನನ್ನ ಅಡುಗೆಮನೆಯ ಕಿಟಕಿಗೆ ಸರಿಯಾಗಿ ಅವರ ಹಿತ್ತಲು. ಲಕ್ಷ್ಮೇಶ್ವರದಲ್ಲಿ ರಸ್ತೆ ಅಗಲ ಮಾಡುವಾಗ ಅವರ ತವರುಮನೆ ಹೋಯಿತು. ಆಗ ಆ ಮನೆಯದೊಂದು ಕಲ್ಲಾದರೂ ನನಗೆ ಬೇಕು ಎಂದು ಹಟ ಹಿಡಿದು ಟ್ರ್ಯಾಕ್ಟರಿನಲ್ಲಿ ಹಾಕಿಸಿಕೊಂಡು ತಂದದ್ದು ಅದು. ಅದರ ಮೇಲೆ ಧಪ್ ಧಪ್ ಶುರುವಾಯಿತೆಂದರೆ ನಾನು ಹಾಲು ಕಾಯಿಸಲು ಏಳಬೇಕು.

ಇಟಲಿಯ ಪೆರುಜಾ ಊರಿನಲ್ಲಿ ನಾವು ಹಿಡಿದಿದ್ದ ಬಾಡಿಗೆ ಮನೆಯಲ್ಲಿ ಆ ಸಪ್ಪಳ ಎಲ್ಲಿಂದ ಬರಬೇಕು? ಕಲ್ಲಿನ ಒಡತಿ ನನ್ನ ಜೊತೆಗೇ ವಿಮಾನ ಹತ್ತಿ ಬಂದು ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಗದಗಿನ ಪ್ರೆಸ್ಸಿನವರು ಕೆಲವರು ಕಾಗದ ಕತ್ತರಿಸುವ ಯಂತ್ರ ನೋಡಲು ಹೊರಟಾಗ, ಅವರಲ್ಲಿ ಇಬ್ಬರ ಹೆಂಡಂದಿರಾದ ನಾವೂ ಬೆನ್ನು ಹತ್ತಿದ್ದೆವು. ಗಂಡಸರು ದಿನಾ ಕಾರ್ಖಾನೆಗೆ ಹೋಗುವರು. ನಾವು ಊರು ನೋಡುವವರು.

ಆ ದಿನ ತಾನಾಗಿಯೇ ಬೇಗ ಎಚ್ಚರವಾಯಿತು. ಊರಿಂದ ತಂದ ಚಹಾಪುಡಿ ಕುದಿಯಲು ಇಟ್ಟು, ಡಬ್ಬಿಯ ಹಾಲು ಸುರಿದೆ. ಎಷ್ಟು ಕಾಸಿದರೂ ಕೆನೆ ಕಟ್ಟದ ಹಾಲು. ಹಿಂದಿನಿಂದ ಗಿರಿಜಕ್ಕನ ದನಿ ಕೇಳಿತು. ಅರಿಷಿಣ ಕುಂಕುಮದ ಡಬ್ಬಿ ಹಿಡಿದು, ತೆರೆದ ಮುಂಬಾಗಿಲಲ್ಲಿ ನಿಂತಿದ್ದರು.

"ಇವತ್ತೂ ಹೊಸ್ತಿಲ ಹುಟ್ಟಿಲ್ಲ ನೋಡ ಸುಮಾ."

ಅವರ ದುಃಖ ಬಂದ ದಿನದಿಂದ ಅದೇ. ಆ ಮನೆಗೆ ಹೊಸ್ತಿಲಿರಲಿಲ್ಲ. ಒಳಗಿನ ಹೊಳಪಿನ ನೆಲವೇ ಬಾಗಿಲ ಕೆಳಗಿಂದ ಹಾಯ್ದು ಲಿಫ್ಟಿನವರೆಗೆ ಹೋಗಿತ್ತು. ಮದುವೆಯಾದಾಗಿನಿಂದ ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚದೆ ಚಹಾ ಕುಡಿದವರಲ್ಲ ಅವರು.

"ಒಳಗ ಯಾವುದು, ಹೊರಗ ಯಾವುದು, ಒಂದೂ ತಿಳೀವಲ್ದು. ಲಕ್ಷ್ಮಿ ಬಂದ್ಲಂದ್ರ ಎಲ್ಲಿ ನಿಂದ್ರಬೇಕು ಪಾಪ?"

"ಲಿಫ್ಟಿನಾಗ," ಎಂದರು ನಮ್ಮ ಮನೆಯವರು, ಬೂಟಿನ ದಾರ ಕಟ್ಟುತ್ತ.

"ನೀವ ಸುಮ್ಮಿರ್ರಿ. ಲಕ್ಷ್ಮಿ ಬರಲಿಲ್ಲಂದ್ರ ಆ ಮಷಿನ್ ಹೆಂಗ ತೊಗೋತೀರಿ ನೋಡತೇನಿ," ಎಂದು ಗಿರಿಜಕ್ಕ ಡಬ್ಬಿಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು.

ಆ ದಿನ ನಾವು ಹೊರಟಿದ್ದು ಊರು ನೋಡಲಲ್ಲ. ಒಂದು ಓಣಿ ಹುಡುಕಲು.

ಬಸ್ಸಿನಲ್ಲಿ, ಸಿಸ್ಟರ್ ಕ್ಲಾರಾ ಮಾತು

ಬಸ್ಸು ಗುಡ್ಡ ಹತ್ತಿ ಇಳಿದು ಹೋಗುತ್ತಿತ್ತು. ನಮ್ಮ ಹೊಂಬಳದ ಬಸ್ಸಿನಲ್ಲಾದರೆ ಇಷ್ಟು ಹೊತ್ತಿಗೆ ಪಕ್ಕದವರ ಮಗಳ ಹೆರಿಗೆ ಎಲ್ಲಿ ಆಯಿತು ಎನ್ನುವುದೂ ತಿಳಿದಿರುತ್ತಿತ್ತು. ಇಲ್ಲಿ ಎಲ್ಲರೂ ತಮ್ಮ ತಮ್ಮ ಮಡಿಲಿನ ಫೋನಿನ ಕಡೆ ನೋಡುತ್ತ ಕೂತಿದ್ದರು. ಒಂದು ತಿರುವಿನಲ್ಲಿ ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಕಂಡಾಗ ಗಿರಿಜಕ್ಕ ನನ್ನ ಮೊಣಕೈ ತಿವಿದು, "ಮುಂಡರಗಿ ಬಂತು, ಇಳೀ," ಎಂದರು. ಕಪ್ಪತಗುಡ್ಡವೇ ನಿಂತ ಹಾಗಿತ್ತು.

ಆ ಓಣಿ ಹುಡುಕಲು ನಮ್ಮನ್ನು ಕಳಿಸಿದ ಸಿಸ್ಟರ್ ಕ್ಲಾರಾ ಯಾರೆಂದು ಹೇಳಬೇಕು. ಶಿರಹಟ್ಟಿಯಿಂದ ಬಂದು ಗದಗಿನ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದ ನನಗೆ ಹೊಲಿಗೆ ಕಲಿಸಿದವರು ಅವರು. ಇಟಲಿಯ ಮೊಂತೆಲ್ಲಾರೊ ಎಂಬ ಪುಟ್ಟ ಊರಿನವರು. ಹರೆಯದಲ್ಲಿ ಗದಗಿಗೆ ಬಂದವರು ಅಲ್ಲಿಯವರೇ ಆಗಿಬಿಟ್ಟರು. ಮಳೆ ಬಂದು ಆಟಕ್ಕೆ ಬಿಡದ ದಿನ ನಮ್ಮನ್ನು ವರಾಂಡದಲ್ಲಿ ಕೂರಿಸಿ, ಸುಣ್ಣದ ಕಡ್ಡಿಯಿಂದ ಒಂದು ಚೌಕದೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಚೌಕ ಬರೆಯುವರು. ಹುಣಸೆ ಬೀಜ ಇಟ್ಟು ಆಡುವುದು. ಮೂರು ಬೀಜ ಸಾಲಾಗಿ ಕೂತರೆ ಎದುರಿನವರದೊಂದು ಕಾಯಿ ಹೋಯಿತು. ನಮಗದು ಗೊತ್ತಿದ್ದ ಸಾಲಮನಿ ಆಟವೇ. ಆದರೆ ಸಿಸ್ಟರ್ ಹೇಳುವರು: "ಇದನ್ನ ನಾ ನಮ್ಮಜ್ಜಿ ಮನಿ ಹೊಸ್ತಿಲ ಮ್ಯಾಲ ಆಡೇನಿ. ಕಲ್ಲಾಗ ಕೊರದಿದ್ರು. ಕುಂಟ ಕೋಳಿ ಓಣ್ಯಾಗ." ಆ ಓಣಿ ಊರಿಗೆ ಕೋಟೆ ಕಟ್ಟಿದ ಕಾಲದ್ದು ಎಂದು ಅವರ ಅಜ್ಜಿ ಹೇಳುತ್ತಿದ್ದರಂತೆ.

ಈಗ ಸಿಸ್ಟರಿಗೆ ತುಂಬಾ ವಯಸ್ಸಾಗಿದೆ. ಕಣ್ಣು ಮಂಜು. ನಾನು ತಿಂಗಳಿಗೊಮ್ಮೆ ಹೋಗಿ ಕೂತು ಬರುತ್ತೇನೆ. ಈಚೆಗೆ ಅವರು ಆ ಓಣಿಯ ಮಾತು ತೆಗೆದರೆ ಅಲ್ಲಿಯ ಕಿರಿಯ ಸಿಸ್ಟರುಗಳು ಪ್ರೀತಿಯಿಂದಲೇ ನಗುತ್ತಾರೆ. ಯಾರೋ ಫೋನಿನಲ್ಲಿ ಆ ಊರಿನ ನಕ್ಷೆ ತೆಗೆದು ನೋಡಿದರಂತೆ. ಅಂಥ ಓಣಿಯೇ ಇಲ್ಲ. "ಸಿಸ್ಟರ್, ನೀವು ಬೆಟಗೇರಿ ಓಣಿ ಹೇಳ್ತಿದ್ದೀರಿ. ಕಲ್ಲಿನ ಮೇಲಿನ ಆ ಆಟ ನಮ್ಮ ಗುಡಿಗಳಲ್ಲಿ ನೋಡಿದ್ದು," ಎಂದರಂತೆ.

ನಾನು ಹೊರಡುವ ಮುಂಚೆ ಹೋದಾಗ ಸಿಸ್ಟರ್ ನನ್ನ ಕೈ ಬಿಡಲೇ ಇಲ್ಲ.

"ಅದು ಅಲ್ಲೆ ನೋಡಿದ್ದೋ ಇಲ್ಲೆ ನೋಡಿದ್ದೋ, ನನಗ ತಿಳೀವಲ್ದು ಸುಮಾ. ನಮ್ಮಜ್ಜಿ ಮುಖಾ ಕಣ್ಮುಂದ ಬರತೈತಿ. ಆದ್ರ ಇಳಕಲ್ ಸೀರಿ ಉಟಗೊಂಡ ಬರತಾಳ. ಆಕಿ ಯಾವತ್ತ ಸೀರಿ ಉಟ್ಟಿದ್ಲು?"

ನಾವಿಬ್ಬರೂ ನಕ್ಕೆವು. ಅವರ ನಗು ಮೊದಲು ನಿಂತಿತು.

"ಆ ಓಣಿ ಕಡೀತನಾ ನಡದು ಬಾ. ಗುಡಿ ಬಾಗಲಕ್ಕ ಬೆನ್ನ ಮಾಡಿ ನಿಂದ್ರು. ಬಲಗೈ ಕಡೆ ಇಳುಕಲು. ಕೊಡಾ ಹೊತ್ತಾಕಿ ಎದುರಿಗೆ ಬಂದ್ರ ಒಬ್ಬಾಕಿ ಬಾಗಲದಾಗ ಸರೀಬೇಕು, ಅಷ್ಟ ಸಣ್ಣದು. ಕಡೀಗೆ ನೀರಿನ ಸಪ್ಪಳ ಕೇಳತೈತಿ. ಇಲ್ಲಂದ್ರ ಇಲ್ಲ ಅಂತ ಹೇಳು, ಸುಳ್ಳ ಹೇಳಬ್ಯಾಡ. ನನ್ನ ಊರ ಖರೇನೋ ಕನಸೋ ನನಗ ಗೊತ್ತಾಗಬೇಕು."

ಗುಡಿಯ ಮುಂದಿನ ಬಯಲು

ಮೊಂತೆಲ್ಲಾರೊ ಗುಡ್ಡದ ನೆತ್ತಿಯ ಮೇಲಿನ ಊರು. ಎಲ್ಲ ಮನೆಗಳೂ ಒಂದೇ ಬಣ್ಣ, ಹುರಿದ ಶೇಂಗಾದ್ದು. ಚರ್ಚಿನ ಬಾಗಿಲಿಗೆ ಬೆನ್ನು ಮಾಡಿ ನಿಂತೆ. ಬಲಗೈ ಕಡೆ ಇಳುಕಲೇನೋ ಇತ್ತು. ಆದರೆ ಅಲ್ಲಿ ಓಣಿ ಇರಲಿಲ್ಲ. ಒಂದು ಹೊಸ ಕಚೇರಿ ಕಟ್ಟಡ, ಅದರ ಪಕ್ಕ ಕಾರು ನಿಲ್ಲಿಸುವ ಒಂದು ಸಂದಿ.

ಪ್ರವಾಸಿಗರಿಗೆ ಮಾಹಿತಿ ಕೊಡುವ ಕಚೇರಿಯಲ್ಲಿ ಚೆಂದದ ಹುಡುಗಿಯೊಬ್ಬಳಿದ್ದಳು. ಕಾನ್ವೆಂಟಿನ ಇಂಗ್ಲಿಷು ಉಪಯೋಗಕ್ಕೆ ಬಂತು. 'ಗಲ್ಲೀನಾ ಝೋಪ್ಪಾ', ಕುಂಟ ಕೋಳಿ, ಎಂದು ಸಿಸ್ಟರ್ ಕಲಿಸಿದ ಹಾಗೆಯೇ ಹೇಳಿದೆ. ಅವಳು ನಕ್ಕು, ಹಳೆಯ ನಕ್ಷೆಯನ್ನೂ ತೆಗೆದು ಹುಡುಕಿದಳು. ಸಂತರ ಹೆಸರಿನ ಓಣಿಗಳೆಲ್ಲ ಇದ್ದವು, ಕೋಳಿಯದು ಇರಲಿಲ್ಲ. "ನಿಮ್ಮ ಟೀಚರು ಬೇರೆ ಊರಿನ ಮಾತು ಹೇಳಿರಬಹುದೇ?" ಎಂದು ಮೆಲ್ಲಗೆ ಕೇಳಿದಳು. ಅವಳ ದನಿಯಲ್ಲಿ ಕಿರಿಯ ಸಿಸ್ಟರುಗಳದೇ ಮಮತೆ ಇತ್ತು. ನನಗೆ ಅದೇ ಹೆಚ್ಚು ಚುಚ್ಚಿತು.

ಹೊರಗೆ ಬಂದಾಗ ಊರೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಮಧ್ಯಾಹ್ನ ಅಲ್ಲಿ ಅಂಗಡಿಯವರು ಊಟಕ್ಕೆ ಹೋದರೆ ಗಿರಾಕಿ ಬೀದಿಯಲ್ಲಿ ನಿಂತಿದ್ದರೂ ತಿರುಗಿ ನೋಡುವುದಿಲ್ಲ. ನಮ್ಮಲ್ಲಿ ಅಂಗಡಿಯವರು ಗಲ್ಲೆಯ ಹಿಂದೆಯೇ ಡಬ್ಬಿ ಬಿಚ್ಚಿ, ಎಡಗೈಯಿಂದ ಸಾಮಾನು ಕೊಡುತ್ತಾರೆ.

"ಹೊಟ್ಟಿ ಖಾಲಿ ಇಟಗೊಂಡ ಅಳಬಾರದು," ಎಂದರು ಗಿರಿಜಕ್ಕ.

"ನಾ ಎಲ್ಲಿ ಅಳಾಕತ್ತೇನಿ ಅಕ್ಕಾ?"

"ಇನ್ನ ಅಳತಿ. ಅದಕ್ಕ ಮೊದಲ ಉಣ್ಣು."

ಚರ್ಚಿನ ಮೆಟ್ಟಿಲ ಮೇಲೆ ಕೂತು ಕಟಕ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಸೊರಟೂರಿನ ಶೇಂಗಾ. ಅದರ ವಾಸನೆಗೆ ಊರಿನ ಪಾರಿವಾಳಗಳೆಲ್ಲ ನೆರೆದವು. ಅವುಗಳ ಹಿಂದೆಯೇ ನೀಲಿ ಅಂಗಿಯ ಪೊಲೀಸಮ್ಮ ಬಂದು, ಮೆಟ್ಟಿಲ ಮೇಲೆ ತಿನ್ನುವ ಹಾಗಿಲ್ಲ ಎಂದು ಬೆರಳಾಡಿಸಿದಳು. ಗಿರಿಜಕ್ಕ ಅವಳಿಗೂ ಅರ್ಧ ರೊಟ್ಟಿ ಚಾಚಿದರು. ಅವಳು ನಕ್ಕಳು, ಆದರೆ ಬೆರಳು ಇಳಿಸಲಿಲ್ಲ. ರೊಟ್ಟಿ ಎತ್ತಿಕೊಂಡು, ನೆರಳಿದ್ದ ಆ ಕಾರಿನ ಸಂದಿಗೆ ಸರಿದೆವು.

ಕಾರು ನಿಲ್ಲಿಸುವ ಸಂದಿ

ಗೋಡೆಯ ಬುಡದಲ್ಲಿ ಒಂದು ಕಲ್ಲು ಸ್ವಲ್ಪ ಮುಂದೆ ಚಾಚಿತ್ತು. ಕೂರಲು ಅನುಕೂಲ. ಇಬ್ಬರೂ ಕೂತೆವು. ಗಿರಿಜಕ್ಕ ರೊಟ್ಟಿ ಮುರಿದವರು, ಬಾಯಿಗೆ ಹಾಕುವ ಮೊದಲು ಒಮ್ಮೆ ಕೆಳಗೆ ನೋಡಿ, ಥಟ್ಟನೆ ಎದ್ದರು. ನನ್ನನ್ನೂ ರಟ್ಟೆ ಹಿಡಿದು ಎಬ್ಬಿಸಿದರು.

"ಏಳ ಏಳ. ಇದು ಹೊಸ್ತಿಲ ಐತಿ. ಹೊಸ್ತಿಲ ಮ್ಯಾಲ ಕುಂತ ಉಣ್ಣಾಕತ್ತೇವಿ, ಸಾಲ ಮೈಗೆ ಹತ್ತತೈತಿ."

"ಅಕ್ಕಾ, ಇಲ್ಲಿ ಬಾಗಲಾನ ಇಲ್ಲ. ಗೋಡಿ ಐತಿ."

"ಬಾಗಲಾ ಇರಲಿ ಬಿಡಲಿ, ಹೊಸ್ತಿಲ ಹೊಸ್ತಿಲನ. ನಡಬರಕ ಹೆಂಗ ಸವದೈತಿ ನೋಡು."

ನೋಡಿದೆ. ಕಲ್ಲು ನಡುವೆ ಮಾತ್ರ ತಗ್ಗಾಗಿತ್ತು, ಎರಡೂ ತುದಿಗೆ ಎತ್ತರವಿತ್ತು. ಎಷ್ಟೋ ಜನರ ಕಾಲು ತುಳಿದು ತುಳಿದು ಮಾಡಿದ ತಗ್ಗು. ಆಮೇಲೆ ಮೇಲೆ ನೋಡಿದೆ. ಗೋಡೆಯ ಕಲ್ಲುಗಳ ನಡುವೆ ಒಂದು ಕಮಾನಿನ ಗೆರೆ ಕಂಡಿತು. ಅದರ ಕೆಳಗಿನ ಇಟ್ಟಿಗೆಗಳ ಬಣ್ಣ ಬೇರೆ. ಬಾಗಿಲಿತ್ತು, ಯಾರೋ ಯಾವಾಗಲೋ ಮುಚ್ಚಿದ್ದರು.

ನನ್ನ ಕೈಯಲ್ಲಿನ ರೊಟ್ಟಿ ಹಾಗೇ ಉಳಿಯಿತು. ಯಾರೂ ಕಾರು ನಿಲ್ಲಿಸುವ ಜಾಗಕ್ಕೆ ಮನೆಯ ಮುಂಬಾಗಿಲು ಇಡುವುದಿಲ್ಲ. ಬಾಗಿಲು ಇಡುವುದು ಓಣಿಗೆ.

"ಅಕ್ಕಾ, ನಾವು ಓಣ್ಯಾಗ ಅದೇವಿ."

"ಹಂಗಾರ ಮುಂದಿನ ಮನಿ ಎಲ್ಲೈತಿ ನೋಡು," ಎಂದ ಗಿರಿಜಕ್ಕ ಚೀಲದಿಂದ ಡಬ್ಬಿ ತೆಗೆದರು. ಐದಾರು ದಿನ ತಡೆದ ಕೈ. ಆ ಕುರುಡು ಬಾಗಿಲಿನ ಹೊಸ್ತಿಲಿಗೆ ಅರಿಷಿಣದ ಒಂದು ಬೊಟ್ಟು, ಅದರ ಮೇಲೆ ಕುಂಕುಮ. ಕಣ್ಣು ಮುಚ್ಚಿ ಕೈಮುಗಿದರು. ನಿಂತ ಕಾರುಗಳಿಗೂ ಅರ್ಧ ನಮಸ್ಕಾರ ಬಿದ್ದಿರಬೇಕು.

ಮುಂದಿನ ಹೊಸ್ತಿಲು ಒಂದು ಕೆಂಪು ಕಾರಿನ ಹಿಂದೆ ಸಿಕ್ಕಿತು. ಅದಕ್ಕಾಗಿ ಗಿರಿಜಕ್ಕ ಕಾರಿಗೂ ಗೋಡೆಗೂ ನಡುವೆ ಸಿಕ್ಕಿಬಿದ್ದು, ಸೆರಗು ಕನ್ನಡಿಗೆ ತೊಡರಿ, ನಾನು ಬಿಡಿಸಬೇಕಾಯಿತು. ಇನ್ನೊಂದು ಕ್ಷೌರದಂಗಡಿಯ ಹಿಂಗೋಡೆಯಲ್ಲಿತ್ತು, ಅದರ ಮೇಲೆ ತುಳಸಿಯಂಥ ಗಿಡದ ಕುಂಡ ಇಟ್ಟಿದ್ದರು. ಪ್ರತಿಯೊಂದಕ್ಕೂ ಬೊಟ್ಟು ಬಿತ್ತು. ಹಿಂತಿರುಗಿ ನೋಡಿದರೆ, ಇಳುಕಲಿನುದ್ದಕ್ಕೂ ಕೆಂಪು ಬೊಟ್ಟುಗಳ ಸಾಲು. ನಕ್ಷೆಯಲ್ಲಿ ಇಲ್ಲದ ಓಣಿ ಕುಂಕುಮ ಹಚ್ಚಿಕೊಂಡು ಕೂತಿತ್ತು.

ಸಂದಿ ಒಂದು ಕಬ್ಬಿಣದ ಗೇಟಿಗೆ ಬಂದು ನಿಂತಿತು. ಗೇಟು ಓರೆಯಾಗಿತ್ತು. ನಾನು ಕರೆದು ಕೇಳೋಣ ಎನ್ನುವಷ್ಟರಲ್ಲಿ ಗಿರಿಜಕ್ಕ ಒಳಗಿದ್ದರು.

ಅಸ್ಸುಂತಾ ಅಜ್ಜಿಯ ಅಂಗಳ

ಅಂಗಳದ ತುಂಬ ಒಣಗಿಸಿದ ಬಟ್ಟೆ. ಗೇಟಿನ ಒಳಗಡೆಯೇ ಇನ್ನೊಂದು ಸವೆದ ಕಲ್ಲು. ಗಿರಿಜಕ್ಕ ಬಗ್ಗಿ ಬೊಟ್ಟಿಡುತ್ತಿದ್ದಾಗ, ಹಾಸಿಗೆಯ ಹೊದಿಕೆಯ ಹಿಂದಿನಿಂದ ಒಬ್ಬ ಅಜ್ಜಿ ಬಂದಳು. ಗಿಡ್ಡ, ದುಂಡು, ಹೂವಿನ ಏಪ್ರನ್ನು, ಕೈಯಲ್ಲಿ ನೆಲ ಒರೆಸುವ ಕೋಲು. ಒಂದೇ ಉಸಿರಿನಲ್ಲಿ ಏನೇನೋ ಅಂದಳು.

ನನಗೆ ಬರುವ ಇಟಾಲಿಯನ್ ಎಲ್ಲ ಸಿಸ್ಟರ್ ಬೈಯುವಾಗ ಕಲಿತದ್ದು. 'ಸಿಲೆನ್ಸಿಯೊ', 'ಬಾಸ್ತಾ', 'ಪಿಯಾನೊ ಪಿಯಾನೊ'. ಸುಮ್ಮನಿರು, ಸಾಕು, ಮೆಲ್ಲಗೆ. ಅಜ್ಜಿಯದೇ ಅಂಗಳದಲ್ಲಿ ನಿಂತು ಇದರಲ್ಲಿ ಯಾವುದನ್ನು ಹೇಳುವುದು? ಫೋನಿನಲ್ಲಿ ಭಾಷೆ ತಿರುಗಿಸುವ ಆ್ಯಪ್ ತೆರೆದೆ. ಅದು ಅಜ್ಜಿಯ ಮಾತನ್ನು ಕೇಳಿ, "ಮೆಣಸಿನಕಾಯಿ ಏಕೆ ಮದುವೆಯಾಗಿದೆ" ಎಂದು ಬರೆಯಿತು.

ಅಜ್ಜಿ ಬಗ್ಗಿ ಕುಂಕುಮ ಮುಟ್ಟಿ ಮೂಸಿದಳು. "ಪೆಪೆರೊನ್ಚಿನೊ?"

"ಖಾರದ ಪುಡಿ ಅಲ್ಲ್ರೀ ಅಜ್ಜಿ. ಕುಂಕುಮ. ಹೊಸ್ತಿಲಕ್ಕ," ಎಂದರು ಗಿರಿಜಕ್ಕ, ಲಕ್ಷ್ಮೇಶ್ವರದ ಸಂತೆಯಲ್ಲಿ ನಿಂತಷ್ಟೇ ನಿಶ್ಚಿಂತೆಯಿಂದ. ಆಮೇಲೆ ಹೊಸ್ತಿಲು ಮುಟ್ಟಿ, ತಮ್ಮ ಹಣೆ ತೋರಿಸಿ, ಕೈಮುಗಿದರು.

ಅಜ್ಜಿಯ ಕೋಲು ಕೆಳಗಿಳಿಯಿತು. ಕಲ್ಲನ್ನೊಮ್ಮೆ, ಗಿರಿಜಕ್ಕನ ಹಣೆಯನ್ನೊಮ್ಮೆ ನೋಡಿ ತಲೆಯಾಡಿಸಿದಳು. ಆಗ ನಾನು ಧೈರ್ಯ ಮಾಡಿ ಅಂದೆ: "ಗಲ್ಲೀನಾ ಝೋಪ್ಪಾ."

ಅಜ್ಜಿ ನನ್ನ ಮುಖ ದಿಟ್ಟಿಸಿದಳು. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ, ಮೊಣಕೈ ಎರಡೂ ರೆಕ್ಕೆ ಮಾಡಿ, ಅಂಗಳದಲ್ಲಿ ಒಂದು ಸುತ್ತು ಕುಂಟುತ್ತ ನಡೆದಳು, ಕೊಕ್ಕೊಕ್ ಎನ್ನುತ್ತ. ಇದೇ ಅದು, ಇದೇ, ಎಂದು ನೆಲ ತೋರಿಸಿದಳು.

ಅವಳ ಹೆಸರು ಅಸ್ಸುಂತಾ. ಆ್ಯಪ್ ಕೆಟ್ಟರೂ ಕೈ ಬಾಯಿ ಕೂಡಿ ತಿಳಿದದ್ದು ಇಷ್ಟು. ಕುಂಟ ಕೋಳಿ ಎನ್ನುವುದು ಓಣಿಯವರು ಕರೆಯುತ್ತಿದ್ದ ಹೆಸರು, ಅವಳ ಅತ್ತೆಯ ಬಾಯಲ್ಲಿ ಕೇಳಿದ್ದು. ಕಾಗದದ ಮೇಲೆ ಯಾವುದೋ ಸಂತರ ಹೆಸರಿತ್ತು. ಇದು ನನಗೆ ಬೇಗ ಅರ್ಥವಾಯಿತು. ಬೆಟಗೇರಿಯಲ್ಲೂ ನಗರಸಭೆಯ ಫಲಕದ ಹೆಸರು ಹೇಳಿದರೆ ಆಟೋದವನು ನಿಮ್ಮನ್ನು ಊರೆಲ್ಲ ಸುತ್ತಿಸುತ್ತಾನೆ. ಬಾವಿ ಓಣಿ ಎಂದರೆ ಮಾತ್ರ ಮನೆ ಮುಟ್ಟುತ್ತೀರಿ.

ಚೌಕ ಬರೆದ ಹೊಸ್ತಿಲು? ಅಂಗೈಯ ಮೇಲೆ ಮೂರು ಚೌಕ ಬರೆದು ತೋರಿಸಿದೆ. ಅಜ್ಜಿಗೆ ಗೊತ್ತಿರಲಿಲ್ಲ. ಆದರೆ ಆ ಕಡೆ ಇನ್ನೊಂದು ಹೊಸ್ತಿಲಿದೆ ಎಂದು ಮೂಲೆಯ ತಗಡಿನ ಚಪ್ಪರ ತೋರಿಸಿದಳು. ಅಲ್ಲಿ ಆ ಹೊಸ್ತಿಲಿನ ಮೇಲೆ ಅವಳ ಬಟ್ಟೆ ಒಗೆಯುವ ಯಂತ್ರ ಕೂತಿತ್ತು. ಮದುವೆಯಾಗಿ ಬಂದಾಗ ಅಲ್ಲಿ ಸೌದೆ ಇತ್ತಂತೆ, ಆಮೇಲೆ ಯಂತ್ರ.

"ಸರಸೂಣು," ಎಂದರು ಗಿರಿಜಕ್ಕ, ಸೆರಗು ಸಿಕ್ಕಿಸಿ.

ಪರಊರಿನಲ್ಲಿ ಪರರ ಮನೆಯ ಯಂತ್ರ ಎಳೆಯುವುದು ನನಗೆ ಸಂಕೋಚ. ಆದರೆ ಅಜ್ಜಿಯೇ ಒಂದು ತುದಿ ಹಿಡಿದಿದ್ದಳು. ಮೂವರೂ ದಮ್ಮು ಕಟ್ಟಿ ಎಳೆದೆವು. ಯಂತ್ರ ಸರಿಯಿತು. ಜೊತೆಗೆ ಹಿಂದಿನ ಪೈಪೂ ಕಳಚಿತು. ನೀರು ಚಿಲ್ಲೆಂದು ಮೊದಲು ನನ್ನ ಕನ್ನಡಕಕ್ಕೆ, ಆಮೇಲೆ ಗಿರಿಜಕ್ಕನ ಸೀರೆಗೆ, ಕೊನೆಗೆ ನೆಲಕ್ಕೆ ಹರಿಯಿತು. ಅಜ್ಜಿ ನಲ್ಲಿ ತಿರುಗಿಸಲು ಓಡಿದಳು. "ಪಿಯಾನೊ ಪಿಯಾನೊ" ಎಂದು ನಾನೇ ಕೂಗುತ್ತಿದ್ದೆ. ಅಂತೂ ನನ್ನ ಇಟಾಲಿಯನ್ ಮಾತುಗಳಲ್ಲಿ ಒಂದಕ್ಕೆ ಜಾಗ ಸಿಕ್ಕಿತು.

ಕನ್ನಡಕ ಒರೆಸಿಕೊಂಡು ನೋಡಿದರೆ, ಧೂಳು ತೊಳೆದುಹೋದ ಕಲ್ಲು ಒದ್ದೆಯಾಗಿ ಕಪ್ಪಾಗುತ್ತಿತ್ತು. ನೀರು ನಿಂತ ಕಡೆ ಗೆರೆಗಳು ಒಂದೊಂದಾಗಿ ಎದ್ದವು. ಮೊದಲು ಒಂದು ಚೌಕ. ಅದರೊಳಗೆ ಒಂದು. ಅದರೊಳಗೆ ಮತ್ತೊಂದು.

ಗಿರಿಜಕ್ಕ ಕುಂಕುಮದ ಡಬ್ಬಿ ತೆಗೆಯುವುದನ್ನೂ ಮರೆತು ನಿಂತಿದ್ದರು.

ಗದಗಿನಲ್ಲಿ ಅದು ಸಂಜೆ ಚಹಾದ ಹೊತ್ತು. ಕಾನ್ವೆಂಟಿಗೆ ವಿಡಿಯೊ ಫೋನು ಮಾಡಿದೆ. ಕಿರಿಯ ಸಿಸ್ಟರ್ ಒಬ್ಬರು ಹಿಡಿದುಕೊಂಡು, ತಾವೂ ಇಣುಕುತ್ತಿದ್ದರು. ಸಿಸ್ಟರ್ ಕ್ಲಾರಾಗೆ ಪರದೆ ಕಾಣುವುದಿಲ್ಲ, ಕಿವಿ ಕೊಟ್ಟು ಕೂತಿದ್ದರು. ಹೊಸ್ತಿಲು ಸಿಕ್ಕಿತು ಎಂದೆ. ಅವರು ಹಿಗ್ಗಲಿಲ್ಲ.

"ಸುಮಾ, ನನ್ನ ಸಮಾಧಾನಕ್ಕಂತ ಹೇಳಬ್ಯಾಡ. ಒಳಗಿನ ಚೌಕ ನೋಡು. ಗ್ವಾಡಿ ಕಡೆ ಒಂದ ಮೂಲಿ ಐತಲ್ಲ, ಅದು ಕೂಡೇತೇನು?"

ಮಂಡಿಯೂರಿ ಕೂತು ಬೆರಳಾಡಿಸಿದೆ. ಮೂರು ಮೂಲೆ ಕೂಡಿದ್ದವು. ಗೋಡೆಯ ಕಡೆಯ ಮೂಲೆಯಲ್ಲಿ ಎರಡು ಗೆರೆಗಳು ಒಂದನ್ನೊಂದು ಮುಟ್ಟದೆ ನಿಂತಿದ್ದವು. ನಡುವೆ ಬೆರಳಗಲದ ಜಾಗ.

"ಇಲ್ಲ ಸಿಸ್ಟರ್. ಕೂಡಿಲ್ಲ."

ಅತ್ತಲಿಂದ ಪ್ರಾರ್ಥನೆಯ ಗಂಟೆಯೋ ತರಕಾರಿ ಗಾಡಿಯ ಗಂಟೆಯೋ ಕೇಳುತ್ತಿತ್ತು.

"ಕಲ್ಲ ಕೊರಿಯಾಂವಾ ಉಣ್ಣಾಕ ಎದ್ದ ಹ್ವಾದಂವಾ ತಿರಗಿ ಬರಲೇ ಇಲ್ಲಂತ, ನಮ್ಮಜ್ಜಿ ಹೇಳತಿದ್ಲು," ಎಂದರು ಸಿಸ್ಟರ್ ನಿಧಾನವಾಗಿ. "ನಾ ಆ ಸಂದಿ ಒಳಗಿಂದ ನನ್ನ ಕಾಯಿ ಕದ್ದ ದಾಟಸತಿದ್ದೆ."

ಕಿರಿಯ ಸಿಸ್ಟರ್ ಅವರ ಹೆಗಲ ಮೇಲೆ ಕೈಯಿಟ್ಟರು.

ಅಸ್ಸುಂತಾ ಅಜ್ಜಿ ನನ್ನ ಕೈಯಿಂದ ಫೋನು ಕಸಿದುಕೊಂಡಳು. ಇಬ್ಬರೂ ಮಾತಿಗೆ ಹತ್ತಿದರು. ಸಿಸ್ಟರ್ ಅವರ ಇಟಾಲಿಯನ್ ತುಕ್ಕು ಹಿಡಿದಿತ್ತು. ಪದ ಸಿಗದಲ್ಲಿ "ಹೌದ್ರೀ", "ಅಲ್ಲೇನ್ರೀ" ಎಂದು ತುಂಬುತ್ತಿದ್ದರು. ಅಸ್ಸುಂತಾ ಅದಕ್ಕೂ "ಸೀ, ಸೀ" ಎಂದು ತಲೆದೂಗುತ್ತಿದ್ದಳು. ಫೋನು ಮರಳಿ ನನ್ನ ಕೈಗೆ ಬಂದಾಗ ಸಿಸ್ಟರ್ ನಗುತ್ತಿದ್ದರು.

"ಸುಮಾ, ಈಗ ನಮ್ಮಜ್ಜಿ ಕರೀ ಲಂಗದಾಗ ಬಂದ್ಲು. ಇಳಕಲ್ ಸೀರಿ ಬಿಟ್ಟಳು. ಆತು, ನಾ ಇನ್ನ ಚಹಾ ಕುಡೀತೇನಿ, ಆರಾಕತ್ತೈತಿ."

ಕಾರಂಜಿ

ಓಣಿ ಅಲ್ಲಿಗೆ ಮುಗಿದಿರಲಿಲ್ಲ. ಉಳಿದ ಭಾಗದ ಮೇಲೆ ಅಸ್ಸುಂತಾಳ ಅಡುಗೆಮನೆ ನಿಂತಿತ್ತು. ಕಡೀತನಾ ನಡೆಯಬೇಕೆಂಬ ಮಾತಿತ್ತಲ್ಲ. ಅಜ್ಜಿಗೆ ಅದನ್ನು ಹೇಳಬೇಕಾಗಲೂ ಇಲ್ಲ. ನಮ್ಮನ್ನು ಒಲೆಯ ಪಕ್ಕದಿಂದ, ಟೊಮೆಟೊ ಸಾರು ಕುದಿಯುತ್ತಿದ್ದ ಪಾತ್ರೆಯ ಮುಂದಿನಿಂದ, ಗಂಡನ ಫೋಟೋದ ಕೆಳಗಿನಿಂದ ನಡೆಸಿಕೊಂಡು ಹೋಗಿ ಆಚೆಯ ಬಾಗಿಲು ತೆರೆದಳು. ನಾವು ಚಪ್ಪಲಿ ಕೈಯಲ್ಲಿ ಹಿಡಿದು ಅಡುಗೆಮನೆ ದಾಟಿದ್ದು ನೋಡಿ ಅವಳಿಗೆ ಬಲು ಸೋಜಿಗ.

ಆಚೆ ನಾಲ್ಕು ಮೆಟ್ಟಿಲು. ಕೆಳಗೆ ಕಲ್ಲಿನ ತೊಟ್ಟಿಗೆ ನೀರು ಬೀಳುವ ಸಪ್ಪಳ. ಬೊಗಸೆ ಒಡ್ಡಿ ಕುಡಿದೆ. ಸ್ವಲ್ಪ ಕಬ್ಬಿಣದ ರುಚಿ ಇತ್ತು. ಗಿರಿಜಕ್ಕ ಮುಖ ತೊಳೆದು, ಬಾಟಲಿ ತುಂಬಿಕೊಂಡು, "ಸಿಸ್ಟರ್‌ಗೆ," ಎಂದು ಮುಚ್ಚಳ ಬಿಗಿದರು.

ಸಂಜೆ, ಮತ್ತೆ ಬಾಡಿಗೆ ಮನೆ

ಗಂಡಸರು ನಮಗಿಂತ ಮೊದಲೇ ಬಂದಿದ್ದರು. ಯಂತ್ರ ಚೆನ್ನಾಗಿದೆ, ಆದರೆ ನಮ್ಮ ಪ್ರೆಸ್ಸಿನ ಬಾಗಿಲಲ್ಲಿ ಹಿಡಿಸುವುದಿಲ್ಲ ಎಂದು ವಾದ ನಡೆದಿತ್ತು. ನಮ್ಮ ದಿನ ಹೇಗಿತ್ತೆಂದು ಕೇಳಿದರು. ಒಂದು ಓಣಿ ನಡೆದೆವು ಎಂದೆ. ಅಷ್ಟೇನಾ ಎಂದರು. ಅಷ್ಟೇ ಎಂದೆ.

ನಾನು ಚಹಾಕ್ಕೆ ನೀರಿಟ್ಟೆ. ಗಿರಿಜಕ್ಕ ನೆನೆದ ಸೀರೆಯನ್ನು ಸ್ನಾನದ ಕೋಣೆಯ ತೊಟ್ಟಿಯಲ್ಲಿ ಹಿಂಡುತ್ತಿದ್ದರು. ಒಗೆಯುವ ಯಂತ್ರಕ್ಕೆ ಹಾಕಲು ಮನಸ್ಸಿಲ್ಲ. ಫೋನಿನಲ್ಲಿ ತೆಗೆದ ಹೊಸ್ತಿಲಿನ ಚಿತ್ರ ನೋಡುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅವರು ಸೀರೆ ಕೊಡವಿ, ನನ್ನ ಹೆಗಲ ಮೇಲಿಂದ ಒಮ್ಮೆ ಬಗ್ಗಿ ನೋಡಿದರು.

"ನಮ್ಮ ಹಿತ್ತಲದಾಗ ಅರಿವಿ ಒಗಿಯೋ ಆ ತವರಮನಿ ಕಲ್ಲಿಗೂ ಇಂಥಾವ ಗೀಟ ಅದಾವಲ್ಲ," ಎಂದರು, ಸೀರೆಯನ್ನು ಕುರ್ಚಿಯ ಮೇಲೆ ಹರವುತ್ತ. "ನಾ ಇಷ್ಟ ದಿನಾ ಸಬಕಾರ ಜಾರಬಾರದಂತ ಹಾಕ್ಯಾರ ಅಂತ ತಿಳಕೊಂಡಿದ್ದೆ."